ಸೊಸೆಯ ಫ್ರೀಜರಿನಲ್ಲಿ ನನ್ನ ಹೊಟ್ಟೆಯ ರೋಗಾಣು

ನನ್ನ ಸೊಸೆ ರೋಗಾಣು ಸಾಕುತ್ತಾಳೆ. ಹೊಟ್ಟೆಯಲ್ಲಿ ಹುಣ್ಣು ಮಾಡುವ ಬ್ಯಾಕ್ಟೀರಿಯಾ. ಮದುವೆಯಾದ ಹೊಸದರಲ್ಲಿ ನೆಂಟರು "ಏನಮ್ಮ ಕೆಲಸ?" ಅಂದಾಗ ಹೀಗೇ ಹೇಳಿಬಿಟ್ಟಳು. ಒಬ್ಬರೂ ಅವಳ ಕೈಯಿಂದ ಟೀ ಲೋಟ ತಗೊಳ್ಳಲಿಲ್ಲ. ಇವಳೋ, ಅವರೆದುರಿಗೇ ಕೂತು ಒಂದೊಂದೇ ಲೋಟ ಖಾಲಿ ಮಾಡಿದಳು. ಅವತ್ತೇ ನನಗೆ ಹಿಡಿಸಿಬಿಟ್ಟಳು.

ನಾನು ಟೈಲರ್, ಮನೆಯ ಕೆಳಗೇ ಅಂಗಡಿ. ಸಂಜೆ ಬಂದವಳು ಕತ್ತರಿಸುವ ಮೇಜಿಗೆ ಒರಗಿ ಲ್ಯಾಬಿನದ್ದೆಲ್ಲ ಹೇಳುತ್ತಾಳೆ. ಆ ಬ್ಯಾಕ್ಟೀರಿಯಾಕ್ಕೆ ಬಾಲ ಇದೆಯಂತೆ. ಹೊಟ್ಟೆಯ ಲೋಳೆಯಲ್ಲಿ ಈಜಿ ಒಳಗೆ ನುಗ್ಗುವುದು ಅದರಿಂದಲೇ.

"ಬಾಲದ ಪ್ರೋಟೀನಿಗೆ ಸಕ್ಕರೆ ಅಂಟಿರುತ್ತೆ ಅತ್ತೆ. ಅದಿಲ್ದಿದ್ರೆ ಬಾಲವೇ ಕಟ್ಟಿಕೊಳ್ಳಲ್ಲ," ಅಂದಳು.

ಗುಂಡಿ ಹಚ್ಚದ ಅಂಗಿ ಮೈಮೇಲೆ ನಿಲ್ಲುವುದಿಲ್ಲ, ಅಷ್ಟೇ ತಾನೇ.

ಆದರೆ ಅದನ್ನು ತೋರಿಸಬೇಕಲ್ಲ. ಸಕ್ಕರೆ ಇದ್ದಲ್ಲಿ ಗುಲಾಬಿಯಾಗುವ ಬಣ್ಣವೊಂದಿದೆ. ಇವಳ ಪ್ರೋಟೀನು ಮಸುಕಾಗಿ ಗುಲಾಬಿಯಾಯಿತು. ಲ್ಯಾಬಿನ ದೊಡ್ಡವರು ಒಪ್ಪಲಿಲ್ಲ. "ನೀನು ಅದಕ್ಕೆ ತಿನ್ನಿಸೋದು ಸೀರಮ್. ರಕ್ತದಿಂದ ತೆಗೆದದ್ದು, ಅದರ ತುಂಬ ಸಕ್ಕರೆ ಅಂಟಿದ ಪ್ರೋಟೀನೇ. ಗುಲಾಬಿ ಅದರದ್ದು," ಅಂದರು. ತಪ್ಪು ಮಾತಲ್ಲ. ಅದಕ್ಕೇ ಇವಳು ಸಕ್ಕರೆ ಅಂಟಿಸುವ ಜೀನನ್ನು ಕೆಡಿಸಿ, ಕೆಡಿಸಿದ್ದನ್ನೂ ಕೆಡಿಸದ್ದನ್ನೂ ಒಂದೇ ಸೀರಮ್ಮಿನಲ್ಲಿ ಬೆಳೆಸಿದಳು. ಕೆಡಿಸದ್ದು ಈಜಬೇಕು, ಕೆಡಿಸಿದ್ದು ಈಜಬಾರದು. ಎರಡೂ ಅಲ್ಲಾಡಲಿಲ್ಲ. ಎರಡೂ ಮಸುಕು ಗುಲಾಬಿ.

"ಬೇಸಿಗೆ ಮುಗಿಯೋದರೊಳಗೆ ಏನೂ ಬರದಿದ್ರೆ ಎಲ್ಲ ಎಸೆದು ಮೇಜು ಖಾಲಿ ಮಾಡು," ಅಂದರಂತೆ.

ಇವಳು ಅಳುವವಳಲ್ಲ. ತಪ್ಪು ಎಲ್ಲಿ ಅಂತ ಕಂಡುಹಿಡಿದೇ ಬಂದಳು. "ಲ್ಯಾಬಿನವು ವರ್ಷಗಟ್ಟಲೆ ತಟ್ಟೆಯಲ್ಲೇ ಬೆಳೆದವು. ಕೂತಲ್ಲೇ ಊಟ ಸಿಕ್ರೆ ಯಾರು ಈಜ್ತಾರೆ ಅತ್ತೆ? ಬಾಲವನ್ನೇ ಬಿಟ್ಟಿವೆ. ಮನುಷ್ಯರ ಹೊಟ್ಟೆಯಿಂದ ಈಗಷ್ಟೇ ಬಂದದ್ದು ಬೇಕು."

ನನ್ನ ಹೊಟ್ಟೆಯಲ್ಲಿ ಹುಣ್ಣಿದೆ, ಅದಕ್ಕೆ ಇದೇ ಬ್ಯಾಕ್ಟೀರಿಯಾ ಕಾರಣ ಅಂತ ಆ ವಾರವೇ ಗೊತ್ತಾಗಿತ್ತು. ಡಾಕ್ಟರು ಗಂಟಲಿಗೆ ಟ್ಯೂಬ್ ಇಳಿಸಿ, ಹೊಟ್ಟೆಯೊಳಗಿನ ಚೂರು ತೆಗೆದು ನೋಡೋಣ ಅಂದಿದ್ದರು. ನಾನು ಹೆದರಿ, ಮಾತ್ರೆ ಸಾಕು ಅಂದಿದ್ದೆ. ಮಾತ್ರೆ ನುಂಗಿದರೆ ಅವೆಲ್ಲ ಸಾಯುತ್ತವೆ. ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ. ತೆಗೆದು ಡ್ರಾಯರಿಗೆ ಹಾಕಿದೆ.

"ಟ್ಯೂಬ್ ಇಳಿಸಲಿ. ತೆಗೆದದ್ದರಲ್ಲಿ ಒಂಚೂರು ನಿನಗೆ," ಅಂದೆ.

"ಬೇಡ ಅತ್ತೆ, ನನಗೋಸ್ಕರ ನೋವು ತಿನ್ನಬೇಡಿ," ಅಂದಳು ಸೊಸೆ.

ಮಗ ರೇಗಿದ. "ಹುಚ್ಚಾ ಅಮ್ಮ ನಿನಗೆ?"

"ಹೊಟ್ಟೆ ನಂದು ಕಣೋ. ನಿನ್ನನ್ನ ಹೊತ್ತಾಗಲೂ ಯಾರ ಅಪ್ಪಣೆ ಕೇಳಿರಲಿಲ್ಲ," ಅಂದೆ.

ಆಸ್ಪತ್ರೆಯಲ್ಲಿ ಒಪ್ಪಿಗೆಗೆ ಸಹಿ ಹಾಕಿದೆ. ಟ್ಯೂಬ್ ಇಳಿಯುವಾಗ ಜೀವ ಬಾಯಿಗೆ ಬಂತು, ಸುಳ್ಳು ಯಾಕೆ ಹೇಳಲಿ. ಕಣ್ಣಲ್ಲಿ ನೀರು ಸುರಿಯಿತು. ನರ್ಸಿನ ಕೈ ಹಿಂಡಿಬಿಟ್ಟೆ. ಆದರೂ ಸಾಕು ಅಂತ ಸನ್ನೆ ಮಾಡಲಿಲ್ಲ.

ಬೇಸಿಗೆಯ ಕೊನೆಗೆ ಸೊಸೆ ಅಂಗಡಿಗೆ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಮೆತ್ತನೆಯ ಜೆಲ್ಲಿಯ ತಟ್ಟೆ. ನನ್ನ ಹೊಟ್ಟೆಯದು ಚುಚ್ಚಿದ ಜಾಗದಿಂದ ಹೊರಟು ಕೋಟಿನ ಗುಂಡಿಯಷ್ಟಗಲ ಈಜಿತ್ತು. ಅದರಲ್ಲೇ ಜೀನು ಕೆಡಿಸಿದ್ದು ಸೂಜಿಯ ಮೊನೆಯಷ್ಟಕ್ಕೇ ನಿಂತಿತ್ತು. ತಿಂದದ್ದು ಎರಡೂ ಒಂದೇ ಸೀರಮ್. ಬಾಲದ ಪ್ರೋಟೀನು ಒಂದರಲ್ಲಿ ಗಾಢ ಗುಲಾಬಿ, ಇನ್ನೊಂದರಲ್ಲಿ ಸೀರಮ್ಮಿನ ಆ ಮಸುಕು ಬಣ್ಣ ಮಾತ್ರ.

ದೊಡ್ಡವರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇನ್ನೊಂದು ಸಲ ಮಾಡು. ಮೇಜು ನಿನ್ನದೇ," ಅಂದರಂತೆ. ಆಮೇಲೆ, "ಫ್ರೀಜರಿನಲ್ಲಿರೋ ಡಬ್ಬಿ ಮೇಲೆ 'ಅತ್ತೆ' ಅಂತ ಯಾಕಿದೆ? ನಂಬರ್ ಹಾಕು," ಅಂದರಂತೆ. ಇವಳು ನಂಬರ್ ಹಾಕಿದಳು. 'ಅತ್ತೆ' ಅಳಿಸಲಿಲ್ಲ.

ಮಾತ್ರೆಗಳನ್ನೆಲ್ಲ ನುಂಗಿ ಮುಗಿಸಿದೆ. ಹೊಟ್ಟೆಯಲ್ಲಿ ಈಗ ಒಂದೂ ಇಲ್ಲವಂತೆ. ಇರುವುದೆಲ್ಲ ಅವಳ ಫ್ರೀಜರಿನಲ್ಲಿ. ಇನ್ನು ಮೇಲೆ ಅವನ್ನು ಎಸೆ ಅನ್ನುವವರು ಮೊದಲು ಅಂಗಡಿಗೆ ಬಂದು ನನ್ನನ್ನು ಕೇಳಲಿ. ಕತ್ತರಿ ಕೈಯಲ್ಲೇ ಇರುತ್ತದೆ.