ಹಳದಿ ಚುಕ್ಕೆಯ ಟಯರು

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ.

ಬಂಟ್ವಾಳದಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಕೆಲಸಕ್ಕೆಂದು ಮೂಡುಬಿದಿರೆಯ ಅವನ ಅಂಗಳದಿಂದ ಒಂದು ಹಳೆಯ ವ್ಯಾನ್ ಕೊಂಡೆ. ಹಳೆ ಗಾಡಿ ಮಾರುವುದೇ ಅವನ ವ್ಯಾಪಾರ. ನಾನು ನೋಡಲು ಹೋದ ದಿನ ವ್ಯಾನ್ ಆಗಷ್ಟೇ ಎಫ್‌ಸಿ ಮುಗಿಸಿ ಬಂದಿತ್ತು. ಗಾಡಿ ರಸ್ತೆಗಿಳಿಯಲು ಯೋಗ್ಯ ಎಂದು ಬರೆದುಕೊಡುವ ಆ ಕಾಗದವನ್ನು ಅವನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ. ಟಯರುಗಳು ಹೊಸವು, ಒಂದೊಂದರ ಬದಿಯಲ್ಲೂ ಸಣ್ಣ ಹಳದಿ ಚುಕ್ಕೆ. ಓಡಿಸಿ ನೋಡಿದೆ, ಬ್ರೇಕ್ ಮುಟ್ಟಿದರೆ ಸಾಕು, ನಿಲ್ಲುತ್ತಿತ್ತು. ಆದರೂ ನಮ್ಮೂರಿನ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸುತ್ತೇನೆ ಎಂದೆ.

"ಯಾಕೆ ಅಕ್ಕ? ಎಫ್‌ಸಿ ಉಂಟಲ್ಲ?" ಅಂದ. "ನಾಳೆ ತೊಳೆದು, ಪೂಜೆ ಮಾಡಿಸಿ, ನಾನೇ ಮನೆಗೆ ತಲುಪಿಸ್ತೇನೆ."

ತಲುಪಿಸಿದ. ಮುಂದೆ ಚೆಂಡುಹೂವಿನ ಮಾಲೆ, ಗಾಜಿಗೆ ಗಂಧ, ಟಯರಿಗೂ ಕುಂಕುಮ. ನಾನು ಕೈಮುಗಿದೆ. ಹೂವು ನೋಡಿದೆ, ಟಯರು ನೋಡಲಿಲ್ಲ. ಪೂಜೆಯಾದ ಗಾಡಿಯ ಅಡಿಗೆ ಬಗ್ಗಿ ಸಂಶಯದಿಂದ ಇಣುಕುವುದಕ್ಕೆ ನನಗೆ ಸಂಕೋಚವಾಯಿತು. ಆ ಸಂಕೋಚವನ್ನೇ ಅವನು ನೆಚ್ಚಿಕೊಂಡಿದ್ದ. "ಹಳೆ ಗಾಡಿ ಅಲ್ವಾ?" ಎಂದು ಮಕ್ಕಳ ತಾಯಂದಿರು ಕೇಳಿದಾಗ ನಾನೂ ಅದೇ ಕಾಗದ ತೋರಿಸಿ, "ಎಫ್‌ಸಿ ಉಂಟಲ್ಲ" ಎಂದೆ.

ಮೂರನೇ ವಾರ, ಪಾಣೆಮಂಗಳೂರಿನ ಕಡೆಗೆ ಇಳಿಯುವಾಗ ಬ್ರೇಕ್ ಪೆಡಲ್ ನನ್ನ ಕಾಲಡಿಯಲ್ಲಿ ನೆಲ ಮುಟ್ಟಿತು. ಗೇರ್ ಇಳಿಸಿದೆ, ಹ್ಯಾಂಡ್‌ಬ್ರೇಕ್ ಎಳೆದೆ, ಕೊನೆಗೆ ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಗುದ್ದಿಸಿ ನಿಲ್ಲಿಸಿದೆ. ಒಳಗೆ ಒಂಬತ್ತು ಮಕ್ಕಳಿದ್ದರು. ಒಂದನೇ ಕ್ಲಾಸಿನ ಹುಡುಗಿಯ ಗದ್ದ ಎದುರಿನ ಕಂಬಿಗೆ ಬಡಿದು ನಾಲ್ಕು ಹೊಲಿಗೆ ಬಿತ್ತು. ಅವಳ ತಾಯಿ ಆಸ್ಪತ್ರೆಯಲ್ಲಿ ಬೈಯಲಿಲ್ಲ. "ನೀವು ಕಾಗದ ತೋರಿಸಿದ್ರಿ" ಎಂದಷ್ಟೇ ಹೇಳಿದಳು. ಮರುದಿನದಿಂದ ಒಂದು ಮಗುವೂ ನನ್ನ ವ್ಯಾನ್ ಹತ್ತಲಿಲ್ಲ.

ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ. ಹಳದಿ ಚುಕ್ಕೆ ಎಲ್ಲೂ ಇರಲಿಲ್ಲ.

"ಅದು ಎಫ್‌ಸಿ ಟಯರು ಅಕ್ಕ. ಒಂದೇ ಸೆಟ್ ಟಯರು, ಒಂದೇ ಸೆಟ್ ಬ್ರೇಕಿನ ಸಾಮಾನು. ಎಲ್ಲ ಗಾಡಿಗೂ ಅದನ್ನೇ ಹಾಕಿ ಪಾಸ್ ಮಾಡಿಸ್ತಾರೆ, ಆಮೇಲೆ ಬಿಚ್ಚಿಕೊಳ್ತಾರೆ. ಬೇರೆಯದರ ಜೊತೆ ಬೆರಕೆ ಆಗ್ಬಾರ್ದು ಅಂತ ಚುಕ್ಕೆ."

ಪರೀಕ್ಷೆ ಮಾಡಿದವರು ಸುಳ್ಳು ಬರೆದಿರಲಿಲ್ಲ. ಅವರು ನೋಡಿದ ವ್ಯಾನೇ ಬೇರೆ, ನನ್ನ ಮನೆಗೆ ಬಂದ ವ್ಯಾನೇ ಬೇರೆ.

ಕೇಳಲು ಹೋದೆ. ಅವನು ಕೆಲಸದವರ ಎದುರೇ, "ನನ್ನ ಅಂಗಳ ಬಿಡುವಾಗ ಎಫ್‌ಸಿ ಇತ್ತು. ಓಡಿಸ್ಲಿಕ್ಕೆ ಬಾರದವರಿಗೆ ನಾನೇನು ಮಾಡ್ಲಿ ಮಾರಾಯ್ರೆ?" ಎಂದ. ಎಲ್ಲರೂ ನಕ್ಕರು. ಆ ನಗುವನ್ನು ನಾನು ಜೋಪಾನವಾಗಿ ಇಟ್ಟುಕೊಂಡೆ.

ಬ್ರೇಕ್ ಪೂರ್ತಿ ಹೊಸತು ಮಾಡಿಸಿದೆ, ಟಯರು ಬದಲಿಸಿದೆ, ಬಾಡಿಗೆಗೆ ಓಡಿಸತೊಡಗಿದೆ. ಕೆಲವು ತಿಂಗಳ ಮೇಲೆ ಮೂಡುಬಿದಿರೆಯ ಚಾಲಕನೊಬ್ಬ ಬೆಳಿಗ್ಗೆಯೇ ಫೋನ್ ಮಾಡಿದ. ಅದೇ ಮನುಷ್ಯನ ಮಗಳ ಮನೆ ಗೃಹಪ್ರವೇಶ ಬೆಳ್ತಂಗಡಿಯಲ್ಲಿ, ಹೇಳಿಟ್ಟ ಗಾಡಿ ಕೈಕೊಟ್ಟಿದೆ, ತನ್ನ ಅಂಗಳದ ಗಾಡಿಯಲ್ಲಿ ಅವನು ಮನೆಯವರನ್ನು ಕೂರಿಸುವುದಿಲ್ಲವಂತೆ, ತುರ್ತಾಗಿ ವ್ಯಾನ್ ಬೇಕು. "ನಾನೇ ಹೋಗ್ತೇನೆ" ಎಂದೆ. ಅಷ್ಟು ಖುಷಿಯಿಂದ ನಾನು ಯಾವ ಬಾಡಿಗೆಗೂ ಹೋದವಳಲ್ಲ.

ವ್ಯಾನ್ ನೋಡಿ ಅವನು ಗೇಟಿನಲ್ಲೇ ನಿಂತುಬಿಟ್ಟ. ಅಷ್ಟರಲ್ಲಿ ಅವನ ಹೆಂಡತಿ ಮೊಮ್ಮಗಳನ್ನು ಎತ್ತಿಕೊಂಡು ಹತ್ತಿ ಕೂತಾಗಿತ್ತು. ಮುಹೂರ್ತಕ್ಕೆ ಹೊತ್ತಾಗಿತ್ತು. ಅವನೂ ಬಂದು ನನ್ನ ಪಕ್ಕದಲ್ಲಿ ಕೂತ.

ವೇಣೂರು ದಾಟಿದ ಮೇಲೆ ಮೆಲ್ಲಗೆ ಕೇಳಿದ, "ಬ್ರೇಕ್ ಮಾಡಿಸಿದ್ದೀರಲ್ಲ?"

"ಯಾಕೆ ಅಣ್ಣ? ಎಫ್‌ಸಿ ಉಂಟಲ್ಲ?"

ಅವನು ಎದುರಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾನು ವೇಗ ಹೆಚ್ಚಿಸಲಿಲ್ಲ, ಅದರ ಅಗತ್ಯವೇ ಇರಲಿಲ್ಲ. ಮುಂದೆ ಉದ್ದದ ಇಳಿಜಾರು ಕಂಡದ್ದೇ, "ನಿಲ್ಲಿಸಿ, ನಿಲ್ಲಿಸಿ! ಇಲ್ಲಿ ನಾವು ನಡೆದೇ ಇಳಿತೇವೆ, ನೀವು ಖಾಲಿ ಗಾಡಿ ತನ್ನಿ" ಎಂದ. ನಿಲ್ಲಿಸಿದೆ.

"ಈ ಬಿಸಿಲಿಗಾ? ಯಾಕೆ?" ಹೆಂಡತಿ ಕೇಳಿದರು.

"ಇದರ ಬ್ರೇಕ್ ನಂಬ್ಲಿಕ್ಕೆ ಆಗುವುದಿಲ್ಲ."

"ನಿಮಗೆ ಹೇಗೆ ಗೊತ್ತು?"

ಅವನು ಬಾಗಿಲಿನ ಹಿಡಿಗೆ ಕೈ ಹಾಕಿದ. ನಾನು ಹೇಳಿದೆ, "ಮಾರಿದ್ದು ಅವರೇ ಅಮ್ಮ. ಶಾಲೆ ಮಕ್ಕಳಿಗೆ ಅಂತ ತಕೊಂಡದ್ದು. ಒಂದು ಹುಡುಗಿಯ ಗದ್ದಕ್ಕೆ ನಾಲ್ಕು ಹೊಲಿಗೆ ಬಿತ್ತು."

ಅವನ ಹೆಂಡತಿಯ ಕೈ ಮೊಮ್ಮಗಳ ಗದ್ದಕ್ಕೆ ಹೋಯಿತು. ಅವನು ಆಗಲೇ ಕೆಳಗಿಳಿದು ರಸ್ತೆಯಲ್ಲಿ ನಿಂತಿದ್ದ.

"ಈಗ ಎಲ್ಲ ಹೊಸತು ಹಾಕಿಸಿದ್ದೇನೆ ಅಮ್ಮ" ಎಂದೆ. ಅವರು ನನ್ನ ಮುಖ ನೋಡಿದರು. ಕಾಗದ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಮುಂದಿನ ಸೀಟಿಗೆ ಬಂದು ಕೂತು, ಗಂಡನ ಮುಖಕ್ಕೇ ಬಾಗಿಲು ಹಾಕಿಕೊಂಡರು.

"ಅವರು ಬಸ್ಸಿಗೆ ಬರ್ಲಿ. ನಾವು ಹೋಗುವ."

ಇಳಿಜಾರಿನುದ್ದಕ್ಕೂ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಕನ್ನಡಿಯಲ್ಲಿ ಅವನು ಬಿಳಿ ಪಂಚೆ ಎತ್ತಿಕೊಂಡು ಒಬ್ಬನೇ ನಿಂತಿದ್ದ, ಮತ್ತು ತಿರುವು ಬರುವ ತನಕ ನಾನು ಅವನನ್ನು ಮತ್ತೆ ಮತ್ತೆ ನೋಡಿದೆ.