ಕೆಂಪು ಕೋಳಿ ಕಲಿಸಿದ ಅಂಜಿಕೆ

ನನಗೆ ಎಲ್ಲರ ದನಿಯೂ ಬರುತ್ತದೆ. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಮೂಗಿನಿಂದಲೇ ಶಹಾಪುರವನ್ನು ಕೂಗುವ ಕಂಡಕ್ಟರ್, ಹಲ್ಲು ಕಟ್ಟಿಸಿಕೊಂಡ ಮೇಲೆ ಮಾತಿಗೊಮ್ಮೆ ಸೀಟಿ ಹೊಡೆಯುವ ನಮ್ಮ ಓಣಿಯ ಕಾಕಾ, ಬೈಯುವ ಮೊದಲು ಎರಡು ಸಲ ಕೆಮ್ಮುವ ನಮ್ಮಣ್ಣ. ಯಾವ ದನಿಯೂ ಹೊಟ್ಟೆಗೆ ಹಿಟ್ಟು ಹಾಕುವಂಥದ್ದಲ್ಲ. ನನ್ನ ಸ್ವಂತ ದನಿಯನ್ನಂತೂ ಪುಕ್ಕಟೆ ಕೊಟ್ಟರೂ ಯಾರಿಗೂ ಬೇಡ. ಒಂದೇ ಒಂದು ದನಿ ಕೆಲಸಕ್ಕೆ ಬಂದೀತು ಎಂದುಕೊಂಡಿದ್ದೆ. ಅದು ಕೋಳಿಯದು.

ರಂಗಂಪೇಟೆಯ ನಮ್ಮ ಮನೆಯಲ್ಲಿ ಕೋಳಿಗಳೆಲ್ಲ ಆಯಿಯವು. ಆಯಿ ಎಂದರೆ ನಮ್ಮಪ್ಪನ ತಾಯಿ. ಅವಳ ಹತ್ತಿರ ಒಂದು ಬೂದು ಕೋಳಿ ಇತ್ತು, ಅವಳ ಬಾಯಲ್ಲಿ ಅದು ‘ಬೂದಿ’. ಕಾವಿಗೆ ಕೂತಾಗಲೂ ಆಯಿ ಹೊಟ್ಟೆಯ ಕೆಳಗೆ ಕೈ ಹಾಕಿ ತತ್ತಿ ಮುಟ್ಟಿ ನೋಡಬಹುದಿತ್ತು. ನಾನು ಕೈ ಹಾಕಿದರೆ ಮಾತ್ರ ಕುಕ್ಕುತ್ತಿತ್ತು, ಜನ ನೋಡಿ ಮರ್ಯಾದೆ ಕೊಡುವ ಕೋಳಿ. ಮರಿ ಒಡೆದ ಮೇಲೆ ಆಯಿ ಹೊಸ್ತಿಲಲ್ಲಿ ಕೂತು ಅಂಗೈಯಲ್ಲಿ ಜೋಳದ ನುಚ್ಚು ಹಿಡಿಯುತ್ತಿದ್ದಳು. ಬೂದು ಕೋಳಿ ಅವಳ ತೊಡೆ ಏರಿ ‘ಕುಟ್ ಕುಟ್’ ಎಂದು ಕರೆಯುತ್ತಿತ್ತು. ತಾಯಿ ಏರಿದ ತೊಡೆಗೆ ಮರಿಗಳೂ ಏರುತ್ತಿದ್ದವು. ಹೀಗೆ ಬೆಳೆದ ಮರಿಗಳನ್ನು ಸಂಜೆ ಬುಟ್ಟಿಯ ಕೆಳಗೆ ಮುಚ್ಚಲು ಯಾರೂ ಬೆನ್ನು ಹತ್ತಬೇಕಾಗಿರಲಿಲ್ಲ. ಆಯಿ ಕರೆದರೆ ಸಾಕು.

ಆಮೇಲೆ ಸಕ್ಕರೆ ಕಾಯಿಲೆ ಆಯಿಯ ಕಣ್ಣಿಗೆ ಇಳಿಯಿತು. ಯಾದಗಿರಿಯ ಡಾಕ್ಟರು ಕೈ ತೊಳೆದುಕೊಳ್ಳುತ್ತ, ಹೋದ ಕಣ್ಣು ಹೋಯಿತು, ಇದ್ದುದನ್ನು ಕಾಯ್ದುಕೊಳ್ಳಿ ಎಂದರು. ಅವರ ದನಿಯನ್ನು ನಾನು ಬಸ್ಸಿನಲ್ಲೇ ತೆಗೆದು ತೋರಿಸಿದೆ. ಆಯಿ ನಕ್ಕಳು. ಮನೆಗೆ ಬಂದು, ಬುಟ್ಟಿಗೆ ಬಾರದ ಒಂದು ಹುಂಜದ ಬೆನ್ನು ಹತ್ತಿ, ಅಂಗಳದ ಕಲ್ಲಿನ ಮೇಲೆ ಬಿದ್ದು ಮುಂಗೈ ಮುರಿದುಕೊಂಡಳು.

ಅಣ್ಣ ಎರಡು ಸಲ ಕೆಮ್ಮಿದ.

“ಆಯಿ, ಕರದ್ರ ಕೈಗೆ ಬರೋ ಕೋಳಿ ಇದ್ರ ಇರಲಿ. ಬೆನ್ನ ಹತ್ತೂವು ಇದ್ರ ಒಂದೂ ಮನ್ಯಾಗ ಇಡಾಂಗಿಲ್ಲ ನೋಡು.”

“ನನ್ನ ಬೂದಿ ಬರ್ತದಪಾ,” ಎಂದಳು ಆಯಿ. “ಅದರ ಮರಿನೂ ಬರ್ತಾವ.”

ಹುಂಜ ಆ ವಾರವೇ ಸಾರಾಯಿತು. ಬೂದು ಕೋಳಿ ಮತ್ತೆ ತತ್ತಿ ಇಟ್ಟು ಮುಗಿಸಿತ್ತು, ಇನ್ನೇನು ಕಾವಿಗೆ ಕೂಡಬೇಕು. ಮನುಷ್ಯರನ್ನು ನಂಬಿದ್ದ ಅದು ಮನುಷ್ಯರ ಗಾಡಿಯನ್ನೂ ನಂಬಿತ್ತು. ಓಣಿಯಲ್ಲಿ ಟಂಟಂ ಆಟೋ ಹಿಂದಕ್ಕೆ ಬಂದಾಗ ಎಲ್ಲ ಕೋಳಿಗಳೂ ಹಾರಿದವು, ಇದು ಕದಲಲಿಲ್ಲ.

ಕಾವಿಗೆ ಬಂದಿದ್ದ ಕೋಳಿ ಇನ್ನೊಂದೇ ಇತ್ತು, ವಡಗೇರಾದಿಂದ ನಮ್ಮತ್ತೆ ತಂದುಬಿಟ್ಟಿದ್ದ ಕೆಂಪು ಕೋಳಿ. ಅತ್ತೆಯ ಮನೆಯಲ್ಲಿ ಹಿತ್ತಲ ಜಾಲಿಕಂಟಿಯ ಪೊದೆಯಲ್ಲಿ ತಾನಾಗಿ ಬೆಳೆದದ್ದು. ಮನುಷ್ಯರ ನೆರಳು ಕಂಡರೆ ರೆಕ್ಕೆ ಕೆದರುತ್ತಿತ್ತು. ಬೂದು ಕೋಳಿಯ ತತ್ತಿಗಳನ್ನು ಆಯಿ ಅದರ ಕೆಳಗೇ ಇಟ್ಟಳು.

“ಈ ಹುಚ್ಚಿ ಕೆಳಗ ಯಾಕ ಇಡಾಕತ್ತಿ ಆಯಿ?”

“ತತ್ತಿ ಬೂದೀದು. ರಕ್ತ ಎಲ್ಲಿ ಹೋಗ್ತದಲೇ?”

“ಹಂಗಂದ್ರ ನಮ್ಮಪ್ಪ ತುಟಿ ಪಿಟ್ ಅನ್ನಂಗಿಲ್ಲ, ನಾ ಹಿಂಗ್ಯಾಕ ಆದೆ?”

“ನಿನ್ನ ಸಾಕಿದಾಕಿ ಯಾರು? ನಿಮ್ಮವ್ವ. ಆಕಿ ಬಾಯಿ ನಿನಗ ಬಂದದ.”

ಉತ್ತರ ಅವಳ ಬಾಯಿಂದಲೇ ಬಂದಿತ್ತು. ಅವಳೂ ಕೇಳಿಸಿಕೊಳ್ಳಲಿಲ್ಲ, ನನಗೂ ನಗುವುದರಲ್ಲಿ ಹೊಳೆಯಲಿಲ್ಲ.

ಮರಿಗಳು ಒಡೆದವು. ಬೂದು ಬಣ್ಣ, ಅದೇ ಚುಕ್ಕೆ. ಆಯಿ ಮುಖದ ಹತ್ತಿರ ಹಿಡಿದು ನೋಡಿ, “ಬೂದಿ ಬಂದಾಳ,” ಎಂದಳು. ಮರುದಿನ ಅಂಗೈಯಲ್ಲಿ ನುಚ್ಚು ಹಿಡಿದು ಹೊಸ್ತಿಲಲ್ಲಿ ಕೂತಳು. ಕೆಂಪು ಕೋಳಿ ಅವಳು ಕೈ ಚಾಚಿದ್ದನ್ನು ಕಂಡದ್ದೇ ‘ಕರ್ರ್‌ರ್’ ಎಂದಿತು. ಹದ್ದು ಬಂದಾಗ ಹೇಳುವ ಮಾತು ಅದು. ಮರಿಗಳು ಕಟ್ಟಿಗೆ ರಾಶಿಯ ಸಂದಿಯಲ್ಲಿ ಮಾಯವಾದವು. ದಿನವೂ ಇದೇ ಆಟ. ಹದ್ದು ಯಾವುದು, ಆಯಿ ಯಾವುದು ಎಂಬ ಭೇದ ಆ ಮರಿಗಳಿಗೆ ಯಾರೂ ಹೇಳಿಕೊಡಲಿಲ್ಲ.

ಕೊನೆಗೆ ನನ್ನ ವಿದ್ಯೆ ಹೊರಬಂತು. ಕೆಂಪು ಕೋಳಿಯನ್ನು ಬುಟ್ಟಿಯಲ್ಲಿ ಮುಚ್ಚಿ, ಆಯಿಯ ಪಕ್ಕ ಕೂತು ಬೂದು ಕೋಳಿಯ ದನಿ ತೆಗೆದೆ. ಕುಟ್ ಕುಟ್. ಮರಿಗಳು ಬಂದವು. ಒಂದು ಆಯಿಯ ಬೆರಳಿನ ಮೇಲೆ ಕಾಲಿಟ್ಟಿತು. ಆಯಿ ಉಸಿರು ಬಿಗಿಹಿಡಿದಳು. ಬುಟ್ಟಿಯೊಳಗಿಂದ ‘ಕರ್ರ್‌ರ್’. ಅಷ್ಟೇ, ಅಂಗಳ ಬರಿದು. ಹೆತ್ತವಳಲ್ಲದಿದ್ದರೂ ಕಾವು ಕೊಟ್ಟವಳ ದನಿ ಅದು, ನನ್ನದು ಬಸ್‌ಸ್ಟ್ಯಾಂಡಿನದು.

ತಾಯಿಯಿಂದ ಬೇರೆ ಮಾಡಿದರೆ ಸಾಧುವಾದೀತು ಎಂದು ಆಯಿ ಒಂದು ಮರಿಯನ್ನು ತನ್ನ ಸೆರಗಿನಲ್ಲಿ ಸುತ್ತಿಟ್ಟುಕೊಂಡಳು. ಅದು ನೀರನ್ನೂ ಮುಟ್ಟದೆ ಒಂದೇ ಸಮನೆ ಕೂಗಿ, ಬೆಳಗಾಗುವುದರಲ್ಲಿ ಸೆಟೆದುಕೊಂಡಿತ್ತು. “ತಾಯಿ ಕಡಿಂದ ಇನ್ನೊಂದು ಕಸಗೊಳ್ಳಾಂಗಿಲ್ಲ,” ಎಂದು ಸೆರಗು ಕೊಡವಿದಳು.

ಮರಿಗಳು ಬಲಿತು ಸಂಜೆಗೆ ಬೇವಿನ ಗಿಡ ಏರತೊಡಗಿದವು. ಅಣ್ಣ ಒಂದು ಸಂಜೆ ಗಾಡಿ ನಿಲ್ಲಿಸಿ ನಿಂತ.

“ಕರಿ ನೋಡೂಣು ಆಯಿ, ಬರ್ತಾವೇನು.”

ಆಯಿ ಅಂಗೈ ಚಾಚಿ ಕರೆದಳು. ಗಿಡದ ಮೇಲೆ ಒಂದೂ ಅಲುಗಲಿಲ್ಲ. ಆಯಿಗೆ ಗಿಡದ ಕಪ್ಪು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾನು ಪಕ್ಕಕ್ಕೆ ಸರಿದು ಕುಟ್ ಕುಟ್ ಎನ್ನುತ್ತ, ಎರಡು ಬೆರಳಿನ ತುದಿಯಿಂದ ಅವಳ ಅಂಗೈಯ ನುಚ್ಚನ್ನು ಕುಕ್ಕಿದೆ. ಕುಕ್ಕುತ್ತಲೇ ಹೋದೆ. ಅಣ್ಣ ನೋಡಿದ, ಕೆಮ್ಮಲಿಲ್ಲ, ಮುಖ ತಿರುಗಿಸಿದ.

ಆಯಿ ಸ್ವಲ್ಪ ಹೊತ್ತು ಕೈ ಹಾಗೇ ಹಿಡಿದಿದ್ದಳು.

“ಈ ಕೋಳಿ ಉಗುರು ಭಾಳ ಬೆಳದಾವಲ್ಲೋ,” ಎಂದಳು. “ಕತ್ತರಿಸ್ಕೊ ಅನ್ನು.”

ನನಗೆ ನಗು ಬಂತು, ಅವಳಿಗೂ ಬಂತು. ನಗುತ್ತಲೇ ಅಣ್ಣನಿದ್ದ ದಿಕ್ಕಿಗೆ ಮುಖ ಮಾಡಿದಳು.

“ಒಯ್ಯಪಾ, ಎಲ್ಲಾ ಒಯ್ಯಿ. ವಡಗೇರಾದಾಕಿ ಮನಿಗೆ ಬಿಡು. ಅಲ್ಲಿ ಕಂಟಿ ಅದಾವ.”

ಮರುದಿನ ಬೆಳಗ್ಗೆ ಅಣ್ಣನೂ ನಾನೂ ಬಲೆ ಬೀಸಿ, ಮೈಯೆಲ್ಲ ಗೀರಿಸಿಕೊಂಡು ಎಲ್ಲವನ್ನೂ ಹಿಡಿದೆವು. ಬುಟ್ಟಿಯನ್ನು ಗಾಡಿಗೆ ಕಟ್ಟಿದಾಗ ಒಳಗೆ ಕೆಂಪು ಕೋಳಿ ‘ಕರ್ರ್‌ರ್’ ಎಂದಿತು, ಬೂದು ಮರಿಗಳೆಲ್ಲ ಒಟ್ಟಿಗೆ ಸುಮ್ಮನಾದವು. ಗಾಡಿಯ ಸದ್ದು ದಾಟಿಹೋಗುವವರೆಗೂ ಆಯಿ ಹೊಸ್ತಿಲಲ್ಲಿ ಕೂತಿದ್ದಳು. ಮುಷ್ಟಿಯಲ್ಲಿ ನುಚ್ಚಿತ್ತು. ಅದನ್ನು ತನ್ನ ಬಾಯಿಗೇ ಹಾಕಿಕೊಂಡು, ಹಸಿಯಾಗಿಯೇ ಅಗಿಯತೊಡಗಿದಳು.