ಟಿಕೋಟಾ ಬಸ್ಸಿನ ಭೂಗೋಳ ಮಾಸ್ತರ

“ಟಿಕೋಟಾನ ಎತ್ತಿ ಉತ್ತರಕ್ಕ ಇಟ್ಟಾರ ನೋಡ್ರಿ ನಮ್ಮ ಬಸ್ ಮಾಸ್ತರ. ದಿಕ್ಕ ತಿಳೀದವರು ಭೂಗೋಳ ಹೇಳಾಕ ಬಂದಾರ.”

ವಿಜಯಪುರದ ಪದವಿ ಕಾಲೇಜೊಂದರ ಭೂಗೋಳ ವಿಭಾಗದ ಮುಖ್ಯಸ್ಥ ಬಸಗೊಂಡಪ್ಪನವರು ವಿದ್ಯಾರ್ಥಿನಿ ಆಮ್ರಪಾಲಿಯ ನಕ್ಷೆ ಎತ್ತಿ ಹಿಡಿದು ಹೀಗೆಂದಾಗ ತರಗತಿಗೆ ತರಗತಿಯೇ ನಗುತ್ತದೆ. ನಗರದ ಪಶ್ಚಿಮಕ್ಕಿರುವ ಊರು ಹಾಳೆಯ ಮೇಲೆ ಉತ್ತರಕ್ಕೆ ಹೋಗಿ ಕೂತಿದೆ. ‘ಬಸ್ ಮಾಸ್ತರ’ ಅನ್ನಿಸಿಕೊಂಡ ಅತಿಥಿ ಉಪನ್ಯಾಸಕ ಮಲ್ಲಿನಾಥ ತಲೆ ತಗ್ಗಿಸಿ ನಿಂತಿದ್ದಾರೆ. ಟಿಕೋಟಾದಿಂದ ಬರುವ ಆರೂ ಹುಡುಗಿಯರ ನಕ್ಷೆ ತಿರಸ್ಕೃತ. ಶನಿವಾರದೊಳಗೆ ಹೊಸದು ಕೊಡದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರುವಂತಿಲ್ಲ.

ಹದಿನಾಲ್ಕು ವರ್ಷ ಪಾಠ ಹೇಳಿದ ಮೇಲೂ ಮಲ್ಲಿನಾಥರ ಹೆಸರು ಹಾಜರಿ ಪುಸ್ತಕದ ತುದಿಯಲ್ಲಿ, ಪೆನ್ಸಿಲ್ಲಿನಲ್ಲಿ ಇದೆ. ಪ್ರತಿ ವರ್ಷ ಅಳಿಸಬಹುದು, ಬರೆಯಬಹುದು. ಕಾಯಂ ಆದವರಿಗೆ ಕುರ್ಚಿ, ಇವರಿಗೆ ಕಿಟಕಿಯ ಕಟ್ಟೆ.

ಮೊದಲ ಅವಧಿ ಎಂಟಕ್ಕೆ, ಅದು ಮುಖ್ಯಸ್ಥರದು. ಟಿಕೋಟಾ ಬಸ್ಸು ಬಂದು ಮುಟ್ಟುವುದು ಎಂಟೂವರೆಗೆ. ಆರು ಹುಡುಗಿಯರಿಗೆ ಆ ಪಾಠ ದಿನಾ ತಪ್ಪುತ್ತಿತ್ತು. ಅದಕ್ಕೇ ಮಲ್ಲಿನಾಥ ನಸುಕಿನಲ್ಲಿ ನಗರದ ಇಬ್ರಾಹಿಂಪುರದ ಮನೆ ಬಿಟ್ಟು ಖಾಲಿ ಬಸ್ಸಿನಲ್ಲಿ ಟಿಕೋಟಾಕ್ಕೆ ಹೋಗುತ್ತಾರೆ. ತಪ್ಪಿದ ಪಾಠವನ್ನು ಬರುವ ದಾರಿಯಲ್ಲಿ ಹೇಳಿಕೊಡುತ್ತಾರೆ. ಇದು ಯಾರೂ ಒಪ್ಪಿಸಿದ ಕೆಲಸವಲ್ಲ.

“ಹುಡುಗ್ಯಾರು ದಿನಾ ಅಲ್ಲಿಂದ ಇಲ್ಲಿತನಕ ಬರ್ತಾವ. ನಾ ಇಲ್ಲಿಂದ ಅಲ್ಲಿತನಕ ಹೋಗಾಕ ಏನ್ ಧಾಡಿರಿ?”

ದಿಕ್ಸೂಚಿಯ ಪಾಠವೂ ಬಸ್ಸಿನಲ್ಲೇ ನಡೆದಿತ್ತು. ನಿಲ್ದಾಣ ಬಂದಾಗಲೆಲ್ಲ ಹುಡುಗಿಯರು ಸೀಟಿನಲ್ಲೇ ಕೂತು ದಿಕ್ಕು ಅಳೆದು, ಅದನ್ನೇ ನಕ್ಷೆಗೆ ಇಳಿಸಿದ್ದರು. ಎಡವಟ್ಟಾದದ್ದು ಅಲ್ಲೇ.

“ತಪ್ಪ ನಂದರಿ. ಕಬ್ಬಿಣದ ಹತ್ರ ಮುಳ್ಳು ಸುಳ್ಳ ಹೇಳ್ತದ, ಇದು ಮೊದಲನೇ ಪಾಠ. ಕುಂತ ಬಸ್ಸೇ ಕಬ್ಬಿಣ ಅನ್ನೂದು ನನ್ನ ತಲಿಗಿ ಹೊಳೀಲಿಲ್ಲ.”

ಹಾಗಾಗಿ ಮೂರು ಮುಂಜಾವು ಏಳೂ ಜನ ನಿಲ್ದಾಣದಿಂದ ನಿಲ್ದಾಣಕ್ಕೆ ನಡೆಯುತ್ತಾರೆ. ದ್ರಾಕ್ಷಿ ತೋಟದ ಕಡೆ ಸುಳಿಯುವಂತಿಲ್ಲ, ಅಲ್ಲಿ ಕಂಬ, ತಂತಿ ಎಲ್ಲ ಕಬ್ಬಿಣ. ಬಯಲು ಎರೆಹೊಲವೇ ಬೇಕು. ಊಟದ ಡಬ್ಬಿ, ತಲೆಪಿನ್ನು, ಕೀಲಿಕೈಗಳನ್ನು ದೂರದ ಬದುವಿನ ಮೇಲೆ ಸಾಲಾಗಿ ಇಟ್ಟರೂ ಮುಳ್ಳು ತುಸು ವಾಲುತ್ತದೆ. ಯಾಕೆ? ಆಮ್ರಪಾಲಿ ಮುಳ್ಳನ್ನೊಮ್ಮೆ, ಮಾಸ್ತರನ್ನೊಮ್ಮೆ ನೋಡುತ್ತಾಳೆ.

“ಸರ್, ನಿಮ್ಮ ಬೆಲ್ಟಿನ ಬಕಲ್ ನೋಡ್ರಿ.”

ಮಲ್ಲಿನಾಥ ಬೆಲ್ಟು ಬಿಚ್ಚಿ ಬದುವಿಗೆ ಎಸೆದು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಲ್ಲುತ್ತಾರೆ. ಹುಡುಗಿಯರು ನಕ್ಕು ಸುಸ್ತಾಗುತ್ತಾರೆ. ಮುಳ್ಳು ನೆಟ್ಟಗಾಗುತ್ತದೆ.

“ಬರೂ ವರ್ಷ ನನ್ನ ಕರೀಲಿ, ಬಿಡಲಿ. ಈ ಆರೂ ನಕ್ಷಿ ಪಾಸ್ ಆಗಬೇಕ್ರಿ. ಬಕಲ್ಲಿನ ತಪ್ಪ ಹಿಡದಾಳಲ್ಲ ಆಮ್ರಪಾಲಿ, ಅಕಿಗಿ ಇನ್ನ ಮಾಸ್ತರ ಬೇಕಾಗಿಲ್ಲ.”

ಶನಿವಾರ ಬಸಗೊಂಡಪ್ಪನವರು ಅಳತೆಪಟ್ಟಿ, ಕೋನಮಾಪಕ ಹಿಡಿದು ಒಂದೊಂದೇ ನಕ್ಷೆಯನ್ನು ಅಳೆಯುತ್ತಾರೆ. ಟಿಕೋಟಾ ಪಶ್ಚಿಮದಲ್ಲಿದೆ. ಬೇರೆ ದಾರಿಯಿಲ್ಲದೆ ಸಹಿ ಹಾಕುತ್ತಾರೆ. ಪೆನ್ನು ಮುಚ್ಚಿ, ಎಲ್ಲರ ಮುಂದೆಯೇ ಮತ್ತೆ ಕುಟುಕುತ್ತಾರೆ: “ಬರೂ ವರ್ಷ ನಿಮ್ಮ ಹೆಸರ ಇರ್ತದೋ ಇಲ್ಲೋ. ಈ ಉಸಾಬರಿ ಯಾಕ್ರಿ ನಿಮಗ, ಬಸ್ ಮಾಸ್ತರ?”

ಮಲ್ಲಿನಾಥ ಆರೂ ಹಾಳೆಗಳ ಸಹಿಯನ್ನು ಬೆರಳಿಟ್ಟು ನೋಡುತ್ತಾರೆ. ದಿಕ್ಸೂಚಿಯನ್ನು ಪೆಟ್ಟಿಗೆಗೆ ಸೇರಿಸಿ, ತಮ್ಮ ಒಂಬತ್ತರ ತರಗತಿಯ ಕಡೆಗೆ ನಡೆದುಬಿಡುತ್ತಾರೆ.